ಡೈವ್‌ನಲ್ಲಿ ಗಾಳಿ ಬೇಗ ಖಾಲಿಯಾಗುತ್ತಿದೆಯೇ? ಕಾರಣ ಹುಡುಕುವ ಬಗೆ

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಡೈವ್ ಮಾಡುವವರಿಗೆಲ್ಲ ಈ ಲಕ್ಷಣ ಗೊತ್ತಿರುವುದೇ. ಸಿಲಿಂಡರ್‌ನಲ್ಲಿ ಉಳಿದ ಗಾಳಿಯ ಒತ್ತಡವನ್ನು ಬಾರ್ ಲೆಕ್ಕದಲ್ಲಿ ತೋರಿಸುವ ಗೇಜ್ ಜೊತೆಗಾರರದು ಇನ್ನೂ 110 ಬಾರ್ ತೋರಿಸುತ್ತಿರುತ್ತದೆ, ನಿಮ್ಮದು ಆಗಲೇ 60ಕ್ಕೆ ಇಳಿದಿರುತ್ತದೆ. ಸಿಲಿಂಡರ್ ಅದೇ ಅಳತೆಯದು, ಇಳಿದ ಜಾಗವೂ ಅದೇ. ಆದರೂ ನಿಮ್ಮ ಸಲುವಾಗಿ ಇಡೀ ಗುಂಪು ಮೇಲೆ ಬರಬೇಕಾಗುತ್ತದೆ. ದೋಣಿ ಹತ್ತಿದ ಮೇಲೆ ಯಾರಾದರೂ ಒಬ್ಬರು "ಸ್ವಲ್ಪ ನಿಧಾನಕ್ಕೆ ಉಸಿರಾಡಿ" ಎಂದು ಹೇಳಿಯೇ ಹೇಳುತ್ತಾರೆ.

ಸಲಹೆ ತಪ್ಪೇನಲ್ಲ. ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ ಎನ್ನುತ್ತೇನೆ ನಾನು. ದೇಹ ನೀರೊಳಗೆ ಬೇಡದ ಕೆಲಸ ಮಾಡುತ್ತಿದ್ದರೆ ಅದಕ್ಕೆ ಗಾಳಿ ಬೇಕೇ ಬೇಕು. ಕೆಲಸ ಹಾಗೇ ಇಟ್ಟುಕೊಂಡು ಉಸಿರನ್ನಷ್ಟೇ ಬಿಗಿಹಿಡಿದರೆ ತಲೆನೋವು ಬರುತ್ತದೆ, ಗಾಳಿ ಉಳಿಯುವುದಿಲ್ಲ. ಉಸಿರು ಕಟ್ಟಿಕೊಂಡು ಮೇಲೇರಿದರೆ ಶ್ವಾಸಕೋಶವೇ ಹರಿಯಬಹುದು. ಹಾಗಾಗಿ ಈ ಬರಹದಲ್ಲಿ ಎಲ್ಲೂ ಉಸಿರು ಹಿಡಿಯುವ ಮಾತಿಲ್ಲ. ಗಾಳಿ ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕೋಣ.

ಮೊದಲು ಲೆಕ್ಕ

"ಬೇಗ ಖಾಲಿಯಾಗುತ್ತದೆ" ಅನ್ನುವುದು ಅಳತೆಯಲ್ಲ. ನಿಮಿಷಕ್ಕೆ ಎಷ್ಟು ಲೀಟರ್ ಎಂದು ಗೊತ್ತಾಗಬೇಕು. ಡೈವರ್‌ಗಳು ಇದನ್ನು ಸ್ಯಾಕ್ ರೇಟ್ ಎನ್ನುತ್ತಾರೆ. ಯಾವ ಆಳದಲ್ಲಿ ಉಸಿರಾಡಿದರೂ ಅದನ್ನು ನೀರಿನ ಮೇಲ್ಮೈಯ ಲೆಕ್ಕಕ್ಕೆ ಇಳಿಸಿ ನೋಡುವ ಅಂಕಿ ಅದು.

10 ಮೀಟರ್ ಆಳದಲ್ಲಿ, ಸೆಳೆತ ಇಲ್ಲದ ಕಡೆ, 10 ನಿಮಿಷ ಮಾಮೂಲಿ ವೇಗದಲ್ಲಿ ಈಜಿ. ಶುರುವಿನ ಒತ್ತಡ, ಕೊನೆಯ ಒತ್ತಡ ಎರಡನ್ನೂ ಬರೆದುಕೊಳ್ಳಿ. 11.1 ಲೀಟರ್‌ನ ಅಲ್ಯೂಮಿನಿಯಂ ಸಿಲಿಂಡರ್ 180ರಿಂದ 145 ಬಾರ್‌ಗೆ ಇಳಿಯಿತು ಅಂದುಕೊಳ್ಳಿ. 35ನ್ನು 11.1ರಿಂದ ಗುಣಿಸಿದರೆ ಸುಮಾರು 388 ಲೀಟರ್. 10 ನಿಮಿಷಕ್ಕೆ ಭಾಗಿಸಿದರೆ ನಿಮಿಷಕ್ಕೆ ಸುಮಾರು 39 ಲೀಟರ್. 10 ಮೀಟರ್ ಆಳದಲ್ಲಿ ಒತ್ತಡ 2 ಬಾರ್, ಆದ್ದರಿಂದ ಇನ್ನೊಮ್ಮೆ 2ರಿಂದ ಭಾಗಿಸಿ. ಸುಮಾರು 19 ಲೀಟರ್ ಬಂತು. ಅದೇ 35 ಬಾರ್ 15 ಲೀಟರ್ ಸಿಲಿಂಡರ್‌ನಿಂದ ಹೋಗಿದ್ದರೆ ಉತ್ತರ 26 ಆಗುತ್ತಿತ್ತು. ಬೇರೆ ಬೇರೆ ಅಳತೆಯ ಸಿಲಿಂಡರ್ ಹೊತ್ತವರು ಬರೀ ಬಾರ್ ಹೋಲಿಸಿಕೊಂಡರೆ ಏನೂ ತಿಳಿಯುವುದಿಲ್ಲ ಅನ್ನುವುದು ಇದಕ್ಕೇ.

ಸೂಜಿಯ ಗೇಜ್ ಓದುವಾಗ 5 ಬಾರ್ ಆಚೀಚೆ ಆಗುವುದು ಸಹಜ. ಹಾಗಾಗಿ 10 ನಿಮಿಷಕ್ಕಿಂತ ಕಡಿಮೆ ಅಳೆಯಬೇಡಿ, ಒಂದೇ ಡೈವ್‌ನ ಅಂಕಿಯನ್ನು ನಂಬಬೇಡಿ. ನಿರಾಳವಾಗಿ ಈಜುವ ದೊಡ್ಡವರಿಗೆ 12ರಿಂದ 20 ಲೀಟರ್ ಬರುವುದು ಸಾಮಾನ್ಯ. ಹೊಸಬರಿಗೆ 25 ಬಂದರೂ ಗಾಬರಿಯಾಗಬೇಕಿಲ್ಲ. ಎತ್ತರದ, ದಪ್ಪ ಮೈಕಟ್ಟಿನವರಿಗೆ ಗಾಳಿ ಜಾಸ್ತಿಯೇ ಬೇಕು. ಅದು ದೋಷವಲ್ಲ, ಅದಕ್ಕೆ ರಿಪೇರಿಯೂ ಇಲ್ಲ. ಹೋಲಿಕೆ ಏನಿದ್ದರೂ ನಿಮ್ಮ ಹಿಂದಿನ ಅಂಕಿಯ ಜೊತೆ ಮಾಡಿ.

ಈಗ ಎರಡನೇ ಅಳತೆ. ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ, ಆದರೆ ದೋಷ ಯಾವ ಕಡೆ ಇದೆ ಎಂದು ತೋರಿಸಿಕೊಡುವುದು ಇದೇ. ಅದೇ ಆಳದಲ್ಲಿ, ಮರಳಿನ ತಳದ ಮೇಲೆ, ಏನೂ ಮಾಡದೆ 10 ನಿಮಿಷ ಸುಮ್ನೆ ಇರಿ. ಸುಮ್ನೆ ಇದ್ದಾಗ 13, ಈಜುವಾಗ 24 ಬಂದರೆ ಉಸಿರಾಟ ಸರಿಯಾಗಿಯೇ ಇದೆ. ಎಡವಟ್ಟು ಈಜಿನಲ್ಲಿ, ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ತೂಕದಲ್ಲಿ, ಮೈ ಇಟ್ಟುಕೊಳ್ಳುವ ರೀತಿಯಲ್ಲಿ ಇದೆ. ಸುಮ್ನೆ ಇದ್ದಾಗಲೂ 22 ಬಂದರೆ ಸೋರಿಕೆ, ಚಳಿ, ಗಾಬರಿ ಅಥವಾ ಉಸಿರಾಟದ ಪದ್ಧತಿ ಕಡೆ ನೋಡಿ. ಮುಂದೆ ಯಾವ ಭಾಗವನ್ನು ಗಮನವಿಟ್ಟು ಓದಬೇಕು ಎಂದು ಈ ಎರಡು ಅಂಕಿಗಳೇ ಹೇಳುತ್ತವೆ.

ದೋಷದಂತೆ ಕಾಣುವ, ಆದರೆ ದೋಷವಲ್ಲದ ಎರಡು ಸಂಗತಿ

ಒಂದು ಆಳ. ಪ್ರತಿ 10 ಮೀಟರ್‌ಗೆ ಒತ್ತಡ 1 ಬಾರ್ ಏರುತ್ತದೆ. ಅಷ್ಟೇ ಪ್ರಮಾಣದಲ್ಲಿ ಪ್ರತಿ ಉಸಿರಿಗೂ ಸಿಲಿಂಡರ್‌ನಿಂದ ಜಾಸ್ತಿ ಗಾಳಿ ಹೋಗುತ್ತದೆ. ನಿಮಿಷಕ್ಕೆ 18 ಲೀಟರ್ ಬಳಸುವವರಿಗೆ 11.1 ಲೀಟರ್ ಸಿಲಿಂಡರ್‌ನ 150 ಬಾರ್ ಗಾಳಿ 12 ಮೀಟರ್‌ನಲ್ಲಿ ಸುಮಾರು 42 ನಿಮಿಷ ಬರುತ್ತದೆ, 25 ಮೀಟರ್‌ನಲ್ಲಿ ಬರೀ 26 ನಿಮಿಷ. ಗುಂಪಿಗಿಂತ ಯಾವಾಗಲೂ ಒಂದಿಷ್ಟು ಕೆಳಗೇ ಈಜುವ ಅಭ್ಯಾಸ ಕೆಲವರಿಗೆ ಇರುತ್ತದೆ. ಬೇರೆಯವರು 15 ಮೀಟರ್‌ನಲ್ಲಿದ್ದು ನೀವು 18ರಲ್ಲಿದ್ದರೆ ಅಷ್ಟಕ್ಕೇ ನೂರಕ್ಕೆ 12ರಷ್ಟು ಗಾಳಿ ಜಾಸ್ತಿ ಹೋಗುತ್ತದೆ. ಡೈವ್ ಕಂಪ್ಯೂಟರ್‌ನಲ್ಲಿ ಸರಾಸರಿ ಆಳ ಸಿಗುತ್ತದೆ. ಜೊತೆಗಾರರದನ್ನೂ ಕೇಳಿ ನೋಡಿ.

ಇನ್ನೊಂದು ಬಿಸಿ. ಈಗಷ್ಟೇ ತುಂಬಿದ ಸಿಲಿಂಡರ್, ಅಥವಾ ಬಿಸಿಲಲ್ಲಿ ಇಟ್ಟ ಸಿಲಿಂಡರ್ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ 200 ಬಾರ್ ತೋರಿಸಿದರೆ, 27 ಡಿಗ್ರಿಯ ನೀರಿನಲ್ಲಿ ಅದೇ ಗಾಳಿ 186 ಬಾರ್ ತೋರಿಸುತ್ತದೆ. ಒಂದು ಉಸಿರೂ ತೆಗೆದುಕೊಳ್ಳದೆ 14 ಬಾರ್ ಮಾಯ! ಗಾಳಿ ಎಲ್ಲೂ ಹೋಗಿಲ್ಲ, ತಣ್ಣಗಾಗಿದೆ ಅಷ್ಟೇ. ಲೆಕ್ಕಕ್ಕೆ ಬೇಕಾದ ಶುರುವಿನ ಅಂಕಿಯನ್ನು ದೋಣಿಯ ಮೇಲೆ ಬರೆದುಕೊಳ್ಳಬೇಡಿ. ನೀರಿಗಿಳಿದು, ಸಿಲಿಂಡರ್ ತಣಿದ ಮೇಲೆ ಬರೆದುಕೊಳ್ಳಿ.

ಸಾಮಾನಿನಲ್ಲಿ ಸೋರಿಕೆ

ದಡದ ಮೇಲೇ ಮಾಡಬಹುದಾದ ಪರೀಕ್ಷೆಯಿಂದ ಶುರು ಮಾಡಿ. ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯನ್ನು ಉಸಿರಾಡುವ ಒತ್ತಡಕ್ಕೆ ಇಳಿಸಿ ಕೊಡುವ ಸಾಧನ) ಜೋಡಿಸಿ, ವಾಲ್ವ್ ತೆರೆದು, ಗೇಜ್ ಓದಿ, ವಾಲ್ವ್ ಮುಚ್ಚಿ. 10 ನಿಮಿಷ ಬಿಟ್ಟು ಮತ್ತೆ ನೋಡಿ. ಸೂಜಿ ಇದ್ದಲ್ಲೇ ಇರಬೇಕು. ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಜೋಡಣೆಗಳ ಮೇಲೆ ಸೋಪಿನ ನೀರು ಸವರಿದರೆ ಗುಳ್ಳೆ ಎದ್ದ ಜಾಗವೇ ಸೋರುವ ಜಾಗ. ಪರೀಕ್ಷೆ ಮುಗಿದ ಮೇಲೆ ವಾಲ್ವ್ ತೆರೆಯುವುದನ್ನು ಮಾತ್ರ ಮರೆಯಬೇಡಿ.

ನೀರಿನಲ್ಲಿ ಇಳಿಯುವಾಗ 5 ಮೀಟರ್ ಹತ್ತಿರ ನಿಂತು ಜೊತೆಗಾರರಿಂದ ನೋಡಿಸಿಕೊಳ್ಳಿ. ನಿಮ್ಮ ತಲೆಯ ಹಿಂದೆ ಏನಾಗುತ್ತಿದೆ ಎಂದು ನಿಮಗೆ ಕಾಣುವುದಿಲ್ಲ, ಅಲ್ವಾ? ಗುಳ್ಳೆ ಸಿಲಿಂಡರ್ ವಾಲ್ವ್ ಮತ್ತು ರೆಗ್ಯುಲೇಟರ್‌ನ ಮೊದಲ ಭಾಗವಾದ ಫಸ್ಟ್ ಸ್ಟೇಜ್ ಸೇರುವ ಕಡೆ ಬರುತ್ತಿದ್ದರೆ ಓ-ರಿಂಗ್ ಎಂಬ ರಬ್ಬರ್ ಬಳೆ ಸವೆದಿರಬಹುದು, ಮರಳು ಸಿಕ್ಕಿರಬಹುದು. ಗೇಜ್ ತಿರುಗುವ ಕುತ್ತಿಗೆಯ ಹತ್ತಿರ ದಾರದಂತೆ ಸಣ್ಣ ಗುಳ್ಳೆಗಳು ಹೊರಡುವುದೂ ಆಗಾಗ ಕಾಣುವ ದೋಷ. ಇವೆರಡೂ ಅಗ್ಗದ ರಿಪೇರಿ, ಅಸಡ್ಡೆ ಮಾಡಬೇಡಿ. ಆದರೆ 40 ಬಾರ್ ವ್ಯತ್ಯಾಸಕ್ಕೆ ಈ ದಾರದಂಥ ಗುಳ್ಳೆಸಾಲನ್ನು ದೂರಬೇಡಿ. ಅದರಲ್ಲಿ ಹೋಗುವ ಗಾಳಿ ಬಹಳ ಕಡಿಮೆ.

ಉಸಿರು ಎಳೆಯದೇ ಇದ್ದಾಗಲೂ ಬಾಯಿಗೆ ಇಟ್ಟುಕೊಳ್ಳುವ ಸೆಕೆಂಡ್ ಸ್ಟೇಜ್‌ನಿಂದ ಬುಳುಬುಳು ಎಂದು ಗಾಳಿ ಬರುತ್ತಿದ್ದರೆ ವಿಷಯ ಸ್ವಲ್ಪ ದೊಡ್ಡದು. ಫಸ್ಟ್ ಸ್ಟೇಜ್ ಸಿಲಿಂಡರ್‌ನ ಒತ್ತಡವನ್ನು ಸುತ್ತಲಿನ ಒತ್ತಡಕ್ಕಿಂತ 9-10 ಬಾರ್ ಜಾಸ್ತಿ ಇರುವಷ್ಟಕ್ಕೆ ಇಳಿಸಿ ಹೋಸ್‌ಗೆ ಕೊಡುತ್ತದೆ. ಒಳಗಿನ ಸೀಟ್ ಸವೆದಾಗ ಆ ಮಧ್ಯದ ಒತ್ತಡ ನಿಲ್ಲದೆ ನಿಧಾನಕ್ಕೆ ಏರುತ್ತಾ ಹೋಗಿ, ಕೊನೆಗೆ ಸೆಕೆಂಡ್ ಸ್ಟೇಜ್ ತೆರೆದುಕೊಳ್ಳುತ್ತದೆ. ಇದು ಸರ್ವಿಸ್ ಮಾಡುವವರ ಕೆಲಸ. ಮನೆಯಲ್ಲಿ ಸ್ಕ್ರೂ ತಿರುಗಿಸಿ ಬುಳುಬುಳು ನಿಲ್ಲಿಸಿದರೆ ಉಸಿರು ಎಳೆಯುವುದು ಗಟ್ಟಿಯಾಗುತ್ತದೆ, ಮೂಲ ದೋಷ ಹಾಗೇ ಉಳಿಯುತ್ತದೆ.

ಆಕ್ಟೋಪಸ್, ಅಂದರೆ ಹೆಚ್ಚುವರಿ ಸೆಕೆಂಡ್ ಸ್ಟೇಜ್ ಕಡೆಗೂ ಒಮ್ಮೆ ನೋಡಿ. ಅದು ಜೋತಾಡುತ್ತಾ ಬಾಯಿ ಮೇಲಾದರೆ ತಾನಾಗಿಯೇ ಗಾಳಿ ಬಿಡಲು ಶುರುಮಾಡಬಹುದು. ಬಾಯಿ ಕೆಳಗೆ ಮಾಡಿ ಎದೆಯ ಹತ್ತಿರ ಸಿಕ್ಕಿಸಿಕೊಳ್ಳಿ. ಗಾಳಿ ತಾನಾಗಿ ಹೊರಡದಂತೆ ತಡೆಯುವ ಲಿವರ್ ಇದ್ದರೆ ಅದನ್ನು "ಪ್ರೀ-ಡೈವ್" ಎಂಬ ಗುರುತಿನಲ್ಲೇ ಬಿಡಿ.

ಬಹಳ ಜನ ತಪ್ಪಾಗಿ ಅರ್ಥಮಾಡಿಕೊಳ್ಳುವ ದೋಷ ಇನ್‌ಫ್ಲೇಟರ್‌ನದು, ಅಂದರೆ ಬಿಸಿಡಿ ಎಂಬ ತೇಲುವ ಜಾಕೆಟ್‌ಗೆ ಗಾಳಿ ತುಂಬುವ ಸಾಧನದ್ದು. ಅದರ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದಿದ್ದರೆ ಬಿಸಿಡಿಗೆ ಸದ್ದಿಲ್ಲದೆ ಗಾಳಿ ತುಂಬುತ್ತಿರುತ್ತದೆ. ನೀವು ಮೇಲೇರುತ್ತೀರಿ, ಗಾಳಿ ಬಿಡುತ್ತೀರಿ, ಮತ್ತೆ ಮೇಲೇರುತ್ತೀರಿ. ನೋಡಿದವರಿಗೆ "ಇವರಿಗೆ ತೇಲುವ ಹಿಡಿತ ಬಂದಿಲ್ಲ" ಎನ್ನಿಸುತ್ತದೆ. ದಡದ ಮೇಲೆ ಬಿಸಿಡಿ ಪೂರ್ತಿ ಖಾಲಿ ಮಾಡಿ, ಹೋಸ್ ಸಿಕ್ಕಿಸಿ, ಸಿಲಿಂಡರ್ ತೆರೆದು 10 ನಿಮಿಷ ಬಿಡಿ. ಚೀಲ ಉಬ್ಬಿದ್ದರೆ ಕಾರಣ ಸಿಕ್ಕಿತು. ಹೀಗಿರುವ ಇನ್‌ಫ್ಲೇಟರ್ ಜೊತೆ ನೀರಿಗಿಳಿಯಬೇಡಿ. ಅದು ಪೂರ್ತಿ ಸಿಕ್ಕಿಕೊಂಡರೆ ನೀವು ಮೇಲಕ್ಕೆ ಎಸೆಯಲ್ಪಡುತ್ತೀರಿ.

ಉಸಿರು ಎಳೆಯಲು ಕಷ್ಟ ಅನ್ನಿಸಿದರೆ ಗೇಜ್ ನೋಡುತ್ತಾ ಮೂರು ನಾಲ್ಕು ಸಲ ದೊಡ್ಡದಾಗಿ ಎಳೆಯಿರಿ. ಪ್ರತಿ ಉಸಿರಿಗೂ ಸೂಜಿ ಕೆಳಗೆ ಬಿದ್ದು ಮೇಲೇಳುತ್ತಿದ್ದರೆ ವಾಲ್ವ್ ಅರೆಬರೆ ತೆರೆದಿದೆ ಎಂದೇ ಲೆಕ್ಕ.

ಸೀಸ

ಈ ಭಾಗಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ. ಈಜುವಾಗ ಮಾತ್ರ ಗಾಳಿ ಜಾಸ್ತಿ ಹೋಗುವವರಲ್ಲಿ ನಾನು ಮೊದಲು ಅನುಮಾನ ಪಡುವುದು ಸೊಂಟದ ಸೀಸದ ಮೇಲೆಯೇ.

ಬೇಕಾದ್ದಕ್ಕಿಂತ 3 ಕಿಲೋ ಜಾಸ್ತಿ ಕಟ್ಟಿಕೊಂಡಿದ್ದೀರಿ ಎನ್ನಿ. ಅದನ್ನು ತೇಲಿಸಲು ಬಿಸಿಡಿಗೆ ಹೆಚ್ಚುಕಡಿಮೆ 3 ಲೀಟರ್ ಗಾಳಿ ಬೇಕು. 20 ಮೀಟರ್‌ನಲ್ಲಿ ಮೇಲ್ಮೈ ಲೆಕ್ಕದಲ್ಲಿ ಅದು 9 ಲೀಟರ್. ಇಷ್ಟೇ ಆಗಿದ್ದರೆ ಅರ್ಧ ನಿಮಿಷದ ಉಸಿರು ಹೋಯಿತು ಎಂದು ಬಿಟ್ಟುಬಿಡಬಹುದಿತ್ತು. ನಿಜವಾದ ನಷ್ಟ ಆಮೇಲೆ ಶುರುವಾಗುತ್ತದೆ. 20 ಮೀಟರ್‌ನಿಂದ 15ಕ್ಕೆ ಏರಿದರೆ ಆ 3 ಲೀಟರ್ 3.6 ಲೀಟರ್ ಆಗಿ ಉಬ್ಬುತ್ತದೆ, ನಿಮ್ಮನ್ನು ಇನ್ನೂ ಮೇಲಕ್ಕೆ ಎಳೆಯುತ್ತದೆ. ಬಿಡುತ್ತೀರಿ, ಮುಳುಗುತ್ತೀರಿ, ಮತ್ತೆ ತುಂಬುತ್ತೀರಿ. ಗುಳ್ಳೆ ದೊಡ್ಡದಾದಷ್ಟೂ ಈ ಏರಿಳಿತ ದೊಡ್ಡದು.

ಅದಕ್ಕಿಂತ ದುಬಾರಿ ನಷ್ಟ ಮೈ ಓರೆಯಾಗುವುದು. ಬಿಸಿಡಿಯ ಗಾಳಿ ಬೆನ್ನಿನ ಮೇಲ್ಭಾಗಕ್ಕೆ ಸೇರುತ್ತದೆ, ಸೀಸ ಸೊಂಟದಲ್ಲಿ ಕೆಳಕ್ಕೆ ಜಗ್ಗುತ್ತದೆ. ಎದೆ ಮೇಲೆ, ಕಾಲು ಕೆಳಗೆ. ನೀರು ಸೀಳಿಕೊಂಡು ಹೋಗಬೇಕಾದ ಮೈ ನೀರನ್ನು ತಳ್ಳಿಕೊಂಡು ಹೋಗುತ್ತದೆ. ನೀರಿನ ತಡೆ ವೇಗದ ವರ್ಗದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು, ಅದಕ್ಕೆ ಬೇಕಾದ ಶಕ್ತಿ ಎಂಟು ಪಟ್ಟು. ಓರೆ ಮೈಯಲ್ಲಿ ಗುಂಪಿನ ವೇಗಕ್ಕೆ ಸರಿಸಾಟಿಯಾಗಿ ಹೋಗಲು ಎಷ್ಟು ಗಾಳಿ ಬೇಕಾದೀತು ಎಂದು ನೀವೇ ಊಹಿಸಿ.

ಜೊತೆಗಾರರಿಗೆ ಪಕ್ಕದಿಂದ ಒಂದು ನಿಮಿಷ ವಿಡಿಯೋ ಮಾಡಲು ಹೇಳಿ. ನೋಡುವಾಗ ಮೊದಲು ಕಾಲಿಗೆ ತೊಟ್ಟ ಫಿನ್ ತುದಿ ನೋಡಿ. ಅದು ಹಿಂದಕ್ಕೆ ಚಾಚಿಕೊಂಡಿದೆಯೋ, ತಳದ ಕಡೆ ಮುಖ ಮಾಡಿದೆಯೋ? ಪ್ರತಿ ಒದೆತಕ್ಕೂ ಕೆಳಗೆ ಮರಳು ಏಳುತ್ತಿದೆಯೋ? ಆಮೇಲೆ ಎಡಗೈ ನೋಡಿ. ಅರ್ಧ ನಿಮಿಷಕ್ಕೊಮ್ಮೆ ಇನ್‌ಫ್ಲೇಟರ್ ಗುಂಡಿಗೆ ಹೋಗಿ ಒಂದು ಚುಸ್, ಮತ್ತೆ ಸ್ವಲ್ಪ ಹೊತ್ತಿಗೆ ಕೈ ಮೇಲೆತ್ತಿ ಗಾಳಿ ಬಿಡುವುದು, ಮತ್ತೆ ಒಂದು ಚುಸ್. ಈ ಎರಡು ಒಟ್ಟಿಗೆ ಕಂಡರೆ ನನಗೆ ಬೇರೆ ಸಾಕ್ಷಿ ಬೇಡ.

ವಿಡಿಯೋ ಇಲ್ಲದಿದ್ದರೂ ಒಂದು ಪರೀಕ್ಷೆ ಇದೆ. ಈಜುತ್ತಾ ಈಜುತ್ತಾ ಕಾಲು ನಿಲ್ಲಿಸಿಬಿಡಿ. ಮಾಮೂಲಿ ಉಸಿರಾಡುತ್ತಾ 10 ಸೆಕೆಂಡ್ ಏನೂ ಮಾಡಬೇಡಿ. ಇದ್ದಲ್ಲೇ ಇದ್ದರೆ ಸರಿ. ಕೆಳಗೆ ಇಳಿದರೆ ಇಷ್ಟು ಹೊತ್ತು ನಿಮ್ಮನ್ನು ಎತ್ತಿ ಹಿಡಿದಿದ್ದು ನಿಮ್ಮ ಕಾಲು. ಕಾಲು ಮಾತ್ರ ಇಳಿದು ಮೈ ನೆಟ್ಟಗಾದರೆ ತೂಕ ಇರುವ ಜಾಗ ಸರಿಯಿಲ್ಲ.

ಸರಿಯಾದ ತೂಕ ನೋಡಬೇಕಾದ್ದು ಡೈವ್‌ನ ಕೊನೆಗೆ. ಸಿಲಿಂಡರ್‌ನಲ್ಲಿ 50 ಬಾರ್, ಆಳ 5 ಮೀಟರ್, ಬಿಸಿಡಿ ಖಾಲಿ. ಮಾಮೂಲಿ ಉಸಿರಾಟದಲ್ಲಿ ಏರದೆ ಇಳಿಯದೆ ನಿಲ್ಲಬೇಕು. ಮುಳುಗಿದರೆ ಮುಂದಿನ ಡೈವ್‌ಗೆ 1 ಕಿಲೋ ತೆಗೆಯಿರಿ. ಒಂದೇ ಸಲ 3 ಕಿಲೋ ತೆಗೆಯುವ ಉಮೇದು ಬೇಡ, ತೂಕ ಕಡಿಮೆಯಾಗಿ, ಪೂರ್ತಿ ಮೇಲೆ ಬರುವ ಮೊದಲು ಸ್ವಲ್ಪ ಹೊತ್ತು ತಡೆಯುವ ಸೇಫ್ಟಿ ಸ್ಟಾಪ್‌ನಲ್ಲಿ ನಿಲ್ಲಲಾಗದಿದ್ದರೆ ಅದು ಅಪಾಯ. ಶುರುವಿನಲ್ಲೇ ನೋಡಬೇಕಾಗಿ ಬಂದರೆ ನೆನಪಿಡಿ, ಗಾಳಿಗೂ ತೂಕವಿದೆ, ಲೀಟರ್‌ಗೆ ಸುಮಾರು 1.2 ಗ್ರಾಂ. 11.1 ಲೀಟರ್ ಸಿಲಿಂಡರ್ 200ರಿಂದ 50 ಬಾರ್‌ಗೆ ಇಳಿಯುವಷ್ಟರಲ್ಲಿ ಸುಮಾರು 2 ಕಿಲೋ ಹಗುರವಾಗಿರುತ್ತದೆ. ಅಂದರೆ ಶುರುವಿನಲ್ಲಿ ನೀವು ಅಷ್ಟು ಭಾರ ಇರಲೇಬೇಕು.

ಕಾಲು ಜಗ್ಗುತ್ತಿದ್ದರೆ ಸೀಸದ ಒಂದು ಭಾಗವನ್ನು ಸೊಂಟದಿಂದ ಸಿಲಿಂಡರ್ ಪಟ್ಟಿಯ ಕಡೆ ಮೇಲಕ್ಕೆ ಸರಿಸಿ. ಅಪಾಯದಲ್ಲಿ ತಕ್ಷಣ ಬಿಚ್ಚಿ ಬಿಡಬಹುದಾದಷ್ಟು ತೂಕ ಕೈಗೆ ಸಿಗುವ ಕಡೆಯೇ ಇರಲಿ. ವೆಟ್‌ಸೂಟ್ ಬದಲಾದಾಗ, ಉಪ್ಪುನೀರಿನಿಂದ ಸಿಹಿನೀರಿಗೆ ಹೋದಾಗ, ಸಿಲಿಂಡರ್ ಬದಲಾದಾಗ ಇಡೀ ಲೆಕ್ಕ ಮತ್ತೆ ಮೊದಲಿನಿಂದ.

ಕೈ, ಕಾಲು, ವೇಗ

ಇಲ್ಲಿ ಹೇಳುವುದು ಸ್ವಲ್ಪವೇ. ಕೈ ಬೀಸುವುದು ನಿಲ್ಲಿಸಿ, ಎದೆಯ ಮುಂದೆ ಕಟ್ಟಿಕೊಳ್ಳಿ. ಒದ್ದ ಮೇಲೆ ಜಾರಲು ಬಿಡಿ, ಜಾರುವುದು ಮುಗಿದ ಮೇಲೆ ಮುಂದಿನ ಒದೆತ. ಕಪ್ಪೆಯಂತೆ ಅಗಲಕ್ಕೆ ಒದೆಯುವ ಫ್ರಾಗ್ ಕಿಕ್ ಕಲಿತರೆ ಈ ತಾಳ ತಾನಾಗಿ ಬರುತ್ತದೆ. ಸೆಳೆತಕ್ಕೆ ಎದುರಾಗಿ ಹೋಗಲೇಬೇಕಿದ್ದರೆ ತಳದ ಹತ್ತಿರ ಹೋಗಿ, ಅಲ್ಲಿ ಸೆಳೆತ ಕಡಿಮೆ. ಮುಂದೆ ಹೋಗುವವರ ವೇಗ ಜಾಸ್ತಿ ಅನ್ನಿಸಿದರೆ ನಿಧಾನ ಮಾಡಿ ಎಂದು ಸನ್ನೆ ಮಾಡಲು ಹಿಂಜರಿಯಬೇಡಿ.

ಕೊನೆಗೆ ಉಸಿರು

ಉಸಿರು ಬೇಕು ಎಂದು ದೇಹ ಕೂಗುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾಯಿತು ಎಂದಲ್ಲ, ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಯಿತು ಎಂದು. ಗಾಬರಿಯಾದವರು ಸಣ್ಣ ಸಣ್ಣ ಉಸಿರು ಎಳೆಯುತ್ತಾರೆ. ಪ್ರತಿ ಉಸಿರಿನಲ್ಲಿ ಸುಮಾರು 150 ಮಿಲಿಲೀಟರ್ ಗಾಳಿ ಗಂಟಲು, ಶ್ವಾಸನಾಳಗಳಲ್ಲೇ ಓಡಾಡಿ ವಾಪಸ್ ಬರುತ್ತದೆ, ರಕ್ತದ ಹತ್ತಿರ ಹೋಗುವುದೇ ಇಲ್ಲ. 500 ಮಿಲಿಲೀಟರ್‌ನ ಉಸಿರಿನಲ್ಲಿ 150 ವ್ಯರ್ಥವಾದರೆ ಮೂರನೇ ಒಂದು ಭಾಗದ ಹತ್ತಿರ ಹೋಯಿತು. ಒಂದೂವರೆ ಲೀಟರ್‌ನ ಉಸಿರಿನಲ್ಲಿ ಅದೇ 150 ಹತ್ತರಲ್ಲಿ ಒಂದು ಭಾಗ ಮಾತ್ರ. ಆಳವಾದ, ನಿಧಾನದ ಉಸಿರಿಗೆ ಗಾಳಿ ಉಳಿಯುವುದು ಹೀಗೆ. ಅದರಲ್ಲೂ ಹೊರಗೆ ಬಿಡುವುದು ಉದ್ದವಾಗಿರಲಿ, ಒಳಕ್ಕೆ 4-5 ಎಣಿಸಿದರೆ ಹೊರಕ್ಕೆ 6-8. ಗಂಟಲು ಯಾವಾಗಲೂ ತೆರೆದಿರಲಿ.

ಇದಕ್ಕೂ ಸೀಸಕ್ಕೂ ಒಂದು ನಂಟಿದೆ. ಹೆದರಿದ ಡೈವರ್ ಎದೆ ತುಂಬಿಕೊಂಡೇ ಇರುತ್ತಾನೆ, ಪೂರ್ತಿ ಬಿಡುವುದಿಲ್ಲ. ಎದೆಯಲ್ಲೇ ಉಳಿದ ಒಂದೂವರೆ ಲೀಟರ್‌ನಷ್ಟು ಗಾಳಿ ಅವನನ್ನು ಮುಳುಗಲು ಬಿಡುವುದಿಲ್ಲ. ಆಗ ಯಾರೋ ಇನ್ನೆರಡು ಕಿಲೋ ಕೊಡುತ್ತಾರೆ. ಮುಂದಿನದ್ದು ಮೇಲೆ ಓದಿದ್ದೀರಿ. ಇಳಿಯಲು ಆಗುತ್ತಿಲ್ಲ ಅನ್ನಿಸಿದಾಗ ಸೀಸ ಕೇಳುವ ಮೊದಲು ಎರಡು ಮೂರು ಸಲ ಪೂರ್ತಿ ಉಸಿರು ಹೊರಬಿಟ್ಟು ನೋಡಿ.

ಚಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ನಡುಗುವ ಮೈ ಸುಮ್ನೆ ಇದ್ದರೂ ದುಡಿಯುತ್ತಲೇ ಇರುತ್ತದೆ. ಎದೆ ಬಿಗಿಯುವ ಸೂಟ್, ನೀರು ಒಸರುವ ಮಾಸ್ಕ್ ಇವೂ ಅಂಕಿ ಏರಿಸುತ್ತವೆ. ಆಮ್ಲಜನಕ ಜಾಸ್ತಿ ಬೆರೆಸಿದ ನೈಟ್ರಾಕ್ಸ್‌ನಿಂದ ಗಾಳಿ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಅದಕ್ಕಾಗಿ ಹಣ ಕೊಡಬೇಡಿ. ಅದರ ಲಾಭ ನೈಟ್ರೋಜನ್ ಕಡಿಮೆಯಾಗುವುದರಲ್ಲಿದೆ, ಉಳಿತಾಯದಲ್ಲಿಲ್ಲ.

30 ಮೀಟರ್‌ನಲ್ಲಿ ಗಾಳಿಯ ಸಾಂದ್ರತೆ ಮೇಲಿನದಕ್ಕಿಂತ ನಾಲ್ಕು ಪಟ್ಟು. ಅದನ್ನು ಎಳೆದು ಬಿಡುವುದೇ ಒಂದು ಕೆಲಸ. ಅಲ್ಲಿ ಏದುಸಿರು ಬಂದರೆ ಈಜುವುದು ನಿಲ್ಲಿಸಿ, ಜೊತೆಗಾರರಿಗೆ ತಿಳಿಸಿ, ಉದ್ದಕ್ಕೆ ಉಸಿರು ಬಿಡಿ, ಜೊತೆಯಾಗಿ ಮೇಲಿನ ಆಳಕ್ಕೆ ಬನ್ನಿ.

ಅಂಕಿ ಒಮ್ಮೆಲೇ ಏರಿದರೆ

ಬಹಳ ದಿನದಿಂದ 15ರ ಆಸುಪಾಸು ಇದ್ದ ಅಂಕಿ ಹಠಾತ್ತಾಗಿ 22 ಆದರೆ ಈಜುವ ಕಲೆ ಮರೆತುಹೋಗಿರುವುದಿಲ್ಲ. ಏನು ಬದಲಾಗಿದೆ ಎಂದು ಕೇಳಿಕೊಳ್ಳಿ: ಹೊಸ ಸೂಟ್, ಕ್ಯಾಮೆರಾ, ಸರ್ವಿಸ್ ಆಗಿ ಬಂದ ರೆಗ್ಯುಲೇಟರ್. ಇವು ಯಾವುದೂ ಇಲ್ಲದೆ ಮೆಟ್ಟಿಲು ಹತ್ತುವಾಗಲೂ ಏದುಸಿರು ಬರುತ್ತಿದ್ದರೆ, ಎದೆ ಬಿಗಿದಂತಾಗುತ್ತಿದ್ದರೆ, ಮುಂದಿನ ಡೈವ್‌ಗೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ನೀರೊಳಗೆ ಸುಮ್ನೆ ಇದ್ದಾಗಲೂ ಉಸಿರು ಸಾಲದೆ ಹೋಗುವುದು, ಕೆಮ್ಮು, ನೊರೆ ಕಫ ಬರುವುದು ಶ್ವಾಸಕೋಶದಲ್ಲಿ ನೀರು ಸೇರುತ್ತಿರುವ ಗುರುತಾಗಿರಬಹುದು. ಡೈವ್ ಅಲ್ಲಿಗೇ ಮುಗಿಸಿ, ಮೇಲೆ ಬಂದು ಆಮ್ಲಜನಕ ತೆಗೆದುಕೊಳ್ಳಿ, ಆಸ್ಪತ್ರೆಗೆ ಹೋಗಿ.

ಉಳಿದ ದೋಷಗಳನ್ನು ಸರಿಮಾಡುವಾಗ ಒಂದು ಡೈವ್‌ಗೆ ಒಂದೇ ಬದಲಾವಣೆ ಮಾಡಿ. ಸೀಸವನ್ನೂ ಫಿನ್ನನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಲಾಭವಾಯಿತು ಎಂದು ಗೊತ್ತಾಗುವುದಿಲ್ಲ. ಅಂಕಿ ಇಳಿಯುವವರೆಗೆ, ನಿಮ್ಮ ಗಾಳಿ ಬೇಗ ಮುಗಿಯುತ್ತದೆ ಎಂದು ಮುಂದಾಳಿಗೆ ಇಳಿಯುವ ಮೊದಲೇ ಹೇಳಿಬಿಡಿ, 100 ಬಾರ್ ತಲುಪಿದಾಗ ತೋರಿಸಿ, 50 ಬಾರ್ ಉಳಿಸಿಕೊಂಡೇ ಮೇಲೆ ಬನ್ನಿ. 15 ಲೀಟರ್ ಸಿಲಿಂಡರ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಉಕ್ಕಿನದಾದರೆ ಅದು ನೀರಿನಲ್ಲೂ ಅಲ್ಯೂಮಿನಿಯಂ ಸಿಲಿಂಡರ್‌ಗಿಂತ ಭಾರ. ಸೊಂಟದಿಂದ ಸೀಸ ತೆಗೆದು, 50 ಬಾರ್‌ನ ಪರೀಕ್ಷೆಯನ್ನು ಅದರ ಜೊತೆ ಇನ್ನೊಮ್ಮೆ ಮಾಡಿ.